ಭಾನುವಾರದ ಆರಾಧನೆ ವಾರದ ಉಳಿದ ದಿನಗಳನ್ನು ಮುಟ್ಟುವುದು ಹೇಗೆ?

ಪ್ರಶ್ನೆ: ಕೊನೆಯ ಬೆಂಚಿನವನು

ಕರ್ತನಾದ ಯೇಸುವಿನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ನಾನು ಚಿಕ್ಕಂದಿನಿಂದಲೂ ತಪ್ಪದೆ ಸಭೆಗೆ ಹೋಗುತ್ತಾ ಬಂದವನು. ಆರಾಧನೆಯ ಕ್ರಮ ಬಾಯಿಪಾಠವಾಗಿದೆ. ಹೆಚ್ಚಿನ ಹಾಡುಗಳಿಗೆ ಪುಸ್ತಕ ಬೇಕಾಗುವುದಿಲ್ಲ. ಪಾಪದ ಅರಿಕೆಯ ಪ್ರಾರ್ಥನೆಯಲ್ಲಿ ಮುಂದಿನ ವಾಕ್ಯ ಯಾವುದೆಂದು ಯೋಚಿಸಬೇಕಾಗಿಲ್ಲ. ಆ ಹೊತ್ತಿನಲ್ಲಿ ಮನಸ್ಸು ಕರಗುವುದೂ ಸುಳ್ಳಲ್ಲ. ಆದರೆ ಮರುದಿನ ಕಚೇರಿಯಲ್ಲಿ ಲೆಕ್ಕವನ್ನು ತುಸು ಹೊಂದಿಸಿ ತೋರಿಸುವಂತೆ ಮೇಲಿನವರು ಸೂಚಿಸಿದಾಗ, ಅಥವಾ ಮನೆಯಲ್ಲಿ ವಯಸ್ಸಾದ ತಂದೆಯವರು ಕೇಳಿದ್ದನ್ನೇ ಹತ್ತಾರು ಸಲ ಕೇಳಿದಾಗ, ಹಿಂದಿನ ದಿನದ ಆರಾಧನೆಗೂ ಆ ಗಳಿಗೆಗೂ ಯಾವ ಸಂಬಂಧವೂ ಇದ್ದಂತೆ ಕಾಣುವುದಿಲ್ಲ.

ಪೌಲನು ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದ ಆರಂಭದಲ್ಲಿ, ನಮ್ಮ ದೇಹಗಳನ್ನೇ ಸಜೀವ ಯಜ್ಞವಾಗಿ ದೇವರಿಗೆ ಸಮರ್ಪಿಸುವುದು ಆರಾಧನೆಯೆಂದು ಹೇಳುತ್ತಾನೆ. ಹಾಗಾದರೆ ದಿನನಿತ್ಯದ ಬದುಕೇ ಆರಾಧನೆಯಾಗುತ್ತದೆ. ಭಾನುವಾರದ ಕೂಟಕ್ಕೆ ಪ್ರತ್ಯೇಕವಾದ ಕೆಲಸವೇನು ಉಳಿಯಿತು? ಕೂಟದ ಆರಾಧನೆಗೆ ಬದುಕನ್ನು ಬದಲಿಸುವ ಶಕ್ತಿ ಇದೆಯೆನ್ನುವುದಾದರೆ, ಆ ಬದಲಾವಣೆ ಯಾವ ದಾರಿಯಿಂದ ನಡೆಯುತ್ತದೆ? "ಇನ್ನೂ ಹೆಚ್ಚು ಪ್ರಾರ್ಥಿಸಿರಿ" ಎಂಬ ಸಲಹೆಯನ್ನು ಸಾಕಷ್ಟು ಕೇಳಿದ್ದೇನೆ. ದಯವಿಟ್ಟು ಅದಕ್ಕಿಂತ ಸ್ಪಷ್ಟವಾದದ್ದನ್ನು ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ಕ್ರಮದ ಓದುಗ

ಸಹೋದರರೇ, ಮನಸ್ಸು ಎಷ್ಟು ಕರಗಿತು ಎಂಬುದರಿಂದ ನೀವು ಆರಾಧನೆಯನ್ನು ಅಳೆಯುತ್ತಿದ್ದೀರಿ. ಕರಗಿದ ಮನಸ್ಸು ಮರುದಿನದ ಹೊತ್ತಿಗೆ ಗಟ್ಟಿಯಾಗುವುದು ಸಹಜ. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಕಾಗಿಲ್ಲ. ಆ ಅಳತೆಯನ್ನು ಬದಿಗಿಟ್ಟು, ಆರಾಧನೆಯಲ್ಲಿ ನಾವು ಏನೇನು ಮಾಡುತ್ತೇವೆ ಎಂಬುದನ್ನು ಮಾತ್ರ ನೋಡೋಣ. ನಾವು ಆರಿಸಿಕೊಳ್ಳದ ವಾಕ್ಯಭಾಗವನ್ನು ಎದ್ದುನಿಂತು ಕೇಳುತ್ತೇವೆ. ನಮ್ಮ ತಪ್ಪನ್ನು ನಾಲ್ಕು ಜನರ ನಡುವೆ ಬಾಯಿಬಿಟ್ಟು ಒಪ್ಪಿಕೊಳ್ಳುತ್ತೇವೆ. ಪರಿಚಯವಿಲ್ಲದವರಿಗೂ ಸಮಾಧಾನವನ್ನು ಕೋರುತ್ತೇವೆ. ನಮ್ಮ ಹಣದಲ್ಲಿ ಒಂದು ಪಾಲನ್ನು ಬಿಟ್ಟುಕೊಡುತ್ತೇವೆ. ರೋಗಿಗಳಿಗಾಗಿ, ಆಳುವವರಿಗಾಗಿ, ನಮಗೆ ಏನೂ ಆಗಬೇಕಾಗಿಲ್ಲದವರಿಗಾಗಿ ಬೇಡುತ್ತೇವೆ. ಕೊನೆಗೆ ಬರಿಗೈ ಚಾಚಿ, ದುಡಿದು ಸಂಪಾದಿಸಿಲ್ಲದ ರೊಟ್ಟಿಯನ್ನು ಪಡೆಯುತ್ತೇವೆ. ಇವೆಲ್ಲವೂ ವಾರದ ದಿನಗಳು ನಮ್ಮಿಂದ ಕೇಳುವ ಕ್ರಿಯೆಗಳೇ. ಸಂಗೀತಗಾರನ ಬೆಳಗಿನ ಸಾಧನೆ ಕಛೇರಿಯಲ್ಲಿ ಅವನ ಅರಿವಿಗೂ ಬಾರದಂತೆ ಕೈಗೆ ಒದಗುವ ಹಾಗೆ, ಈ ಕ್ರಿಯೆಗಳೂ ಅಭ್ಯಾಸದಿಂದ ಒದಗಬೇಕು.

ಆದಿಸಭೆಯವರು ಇದನ್ನು ಹೀಗೆಯೇ ತಿಳಿದಿದ್ದರೆಂಬುದಕ್ಕೆ ಹೊರಗಿನವನೊಬ್ಬನ ಸಾಕ್ಷಿ ಇದೆ. ಸುಮಾರು ಕ್ರಿ.ಶ. 112ರಲ್ಲಿ ಬಿಥೂನ್ಯ ಪ್ರಾಂತದ ರೋಮನ್ ಅಧಿಪತಿಯಾಗಿದ್ದ ಪ್ಲಿನಿಯು ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ತಾನು ವಿಚಾರಣೆ ನಡೆಸಿದ ಕ್ರೈಸ್ತರ ಹೇಳಿಕೆಯನ್ನು ದಾಖಲಿಸಿದ್ದಾನೆ. ಅವರು ನಿಗದಿತ ದಿನದಂದು ಬೆಳಕು ಹರಿಯುವ ಮುನ್ನ ಕೂಡಿ, ಕ್ರಿಸ್ತನನ್ನು ದೇವರೆಂದು ಕೊಂಡಾಡುವ ಹಾಡನ್ನು ಒಬ್ಬರಿಗೊಬ್ಬರು ಉತ್ತರಿಸುವಂತೆ ಹಾಡುತ್ತಿದ್ದರು; ಬಳಿಕ ಕಳ್ಳತನ, ದರೋಡೆ, ವ್ಯಭಿಚಾರಗಳನ್ನು ಮಾಡುವುದಿಲ್ಲವೆಂದೂ, ಕೊಟ್ಟ ಮಾತಿಗೆ ತಪ್ಪುವುದಿಲ್ಲವೆಂದೂ, ನಂಬಿ ಇಟ್ಟ ಹಣವನ್ನು ಹಿಂದಕ್ಕೆ ಕೇಳಿದಾಗ ಇಲ್ಲವೆನ್ನುವುದಿಲ್ಲವೆಂದೂ ಆಣೆಯಿಂದ ತಮ್ಮನ್ನು ಕಟ್ಟಿಕೊಳ್ಳುತ್ತಿದ್ದರು. ಹಾಡಿನ ಪಕ್ಕದಲ್ಲೇ ಹಣದ ಲೆಕ್ಕ ಬಂದಿರುವುದನ್ನು ಗಮನಿಸಿರಿ. ಕಚೇರಿಯ ಲೆಕ್ಕಪತ್ರದ ಬಗ್ಗೆ ನೀವು ಕೇಳಿದ್ದು ಆ ಕೂಟದ ಮುಂದೆ ಹೊರಗಿನ ವಿಷಯವಾಗಿ ಕಾಣುತ್ತಿರಲಿಲ್ಲ. ಇದನ್ನು ಬರೆದವನು ಅವರ ಹಿತೈಷಿಯಲ್ಲ, ಅವರನ್ನು ಶಿಕ್ಷೆಗೆ ಗುರಿಪಡಿಸುತ್ತಿದ್ದ ಅಧಿಕಾರಿ ಎಂಬುದರಿಂದ ಈ ಸಾಕ್ಷಿಗೆ ಬೆಲೆ ಹೆಚ್ಚು.

ಇನ್ನು ಆ ಬದಲಾವಣೆಯ ದಾರಿ. ನನಗೆ ತಿಳಿದಿರುವ ಉದಾಹರಣೆಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು, ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯ ಬಳಕೆ. ಬಹಳ ಹಳೆಯ ಸಭಾಕೈಪಿಡಿಯಾದ ದಿದಾಖೆಯು ಈ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ಸೂಚಿಸುತ್ತದೆ. ಸಹೋದರನೊಂದಿಗೆ ಜಗಳವಿರುವವನು ರಾಜಿಯಾಗುವ ತನಕ ರೊಟ್ಟಿ ಮುರಿಯುವ ಕೂಟಕ್ಕೆ, ಅಂದರೆ ಕರ್ತನ ಭೋಜನಕ್ಕೆ, ಸೇರಬಾರದೆಂದೂ ಹೇಳುತ್ತದೆ. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಕ್ಕೆ ನಿಯಮಗಳನ್ನು ಬರೆದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಳಗಿನ ಮತ್ತು ಸಂಜೆಯ ಆರಾಧನೆಗಳಲ್ಲಿ ಮಠದ ಹಿರಿಯರು ಕರ್ತನ ಪ್ರಾರ್ಥನೆಯನ್ನು ಎಲ್ಲರ ಕಿವಿಗೂ ಬೀಳುವಂತೆ ಪೂರ್ತಿಯಾಗಿ ಗಟ್ಟಿಯಾಗಿ ಹೇಳಬೇಕೆಂದು 13ನೆಯ ಅಧ್ಯಾಯದಲ್ಲಿ ವಿಧಿಸಿ, ಕಾರಣವನ್ನೂ ಅಲ್ಲೇ ಕೊಟ್ಟಿದ್ದಾರೆ: ಒಟ್ಟಿಗೆ ಬದುಕುವವರ ನಡುವೆ ಮನಸ್ತಾಪದ ಮುಳ್ಳುಗಳು ಬೆಳೆಯುತ್ತಲೇ ಇರುತ್ತವೆ, ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸು ಎಂದು ದಿನಕ್ಕೆರಡು ಸಲ ದೇವರ ಮುಂದೆ ಒಪ್ಪಂದ ಮಾಡಿಕೊಂಡವರು ಆ ಮುಳ್ಳುಗಳನ್ನು ಕಿತ್ತುಹಾಕಲು ಬದ್ಧರಾಗುತ್ತಾರೆ. ಸನ್ಯಾಸಿಗಳೂ ಪರಸ್ಪರ ಮುನಿಸಿಕೊಳ್ಳುತ್ತಾರೆಂಬುದನ್ನು ಅವರು ಯಾವ ಸಂಕೋಚವೂ ಇಲ್ಲದೆ ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ! ಮುನಿಸಿಗೆ ಅವರು ಮದ್ದಾಗಿ ಆರಿಸಿಕೊಂಡದ್ದು ಎಲ್ಲರಿಗೂ ಬಾಯಿಪಾಠವಾಗಿದ್ದ ಒಂದು ವಾಕ್ಯವನ್ನು, ಎಲ್ಲರ ಎದುರಿಗೆ, ನಿಗದಿತ ಹೊತ್ತಿನಲ್ಲಿ ಹೇಳಿಸುವುದನ್ನು.

ಆದ್ದರಿಂದ ನನ್ನ ಸಲಹೆ ಚಿಕ್ಕದು. ಆರಾಧನೆಯನ್ನು ಇಡಿಯಾಗಿ ಮನೆಗೆ ಹೊತ್ತುಕೊಂಡು ಬರಲು ಹೋಗಬೇಡಿರಿ. ಅದರಿಂದ ಒಂದೇ ಒಂದು ವಾಕ್ಯವನ್ನು ತೆಗೆದುಕೊಂಡು, ವಾರದಲ್ಲಿ ನಿಮಗೆ ಎಲ್ಲಕ್ಕಿಂತ ಕಷ್ಟವೆನಿಸುವ ಗಳಿಗೆಯ ಹೊಸ್ತಿಲಲ್ಲಿ ಅದನ್ನು ಹೇಳಿರಿ. ಲೆಕ್ಕಪತ್ರವನ್ನು ತೆರೆಯುವ ಮುನ್ನ, ಅದೇ ಕರ್ತನ ಪ್ರಾರ್ಥನೆಯಲ್ಲಿರುವ ನಮ್ಮನ್ನು ಶೋಧನೆಯೊಳಗೆ ಸೇರಿಸಬೇಡ ಎಂಬ ಮಾತು ಸಾಕು. ಬಾಯಿಪಾಠವಾಗಿರುವುದನ್ನು ನೀವು ಒಂದು ಕೊರತೆಯೆಂಬಂತೆ ಬರೆದಿದ್ದೀರಿ. ಆ ಗಳಿಗೆಯಲ್ಲಿ ಪುಸ್ತಕ ಹುಡುಕುವ ಸಮಯವಿರುವುದಿಲ್ಲವಾದ್ದರಿಂದ ನಿಮಗೆ ಒದಗುವುದು ಅದೇ.

ಉತ್ತರ: ಆಮೋಸನ ಓದುಗ

ಮೇಲಿನ ಉತ್ತರ ಚೆನ್ನಾಗಿದೆ, ಆದರೆ ಅದು ಸ್ವಲ್ಪ ಸುಲಭವಾಗಿ ಮುಗಿದುಹೋಯಿತೆಂದು ನನಗೆ ಅನಿಸುತ್ತದೆ. ಅಭ್ಯಾಸ ಮನುಷ್ಯನನ್ನು ಬದಲಿಸುತ್ತದೆ ಎನ್ನುವುದಾದರೆ, ಜೀವಮಾನವಿಡೀ ಆರಾಧಿಸಿಯೂ ಬದಲಾಗದವರು ಇಷ್ಟು ಮಂದಿ ಏಕಿದ್ದಾರೆ?

ಬೈಬಲೇ ಈ ಪ್ರಶ್ನೆಯನ್ನು ನಮಗಿಂತ ಕಟುವಾಗಿ ಕೇಳಿದೆ. ಪ್ರವಾದಿ ಆಮೋಸನ ಗ್ರಂಥದ 5ನೆಯ ಅಧ್ಯಾಯದಲ್ಲಿ ದೇವರು ಜನರ ಹಬ್ಬಗಳನ್ನು ಹಗೆಮಾಡುತ್ತಾನೆ, ಅವರ ಹಾಡುಗಳ ಗದ್ದಲವನ್ನು ತೊಲಗಿಸಿರಿ ಎನ್ನುತ್ತಾನೆ, ನ್ಯಾಯವು ಹೊಳೆಯಂತೆ ಹರಿಯಲಿ ಎಂದು ಕೇಳುತ್ತಾನೆ. ಆ ಜನರು ಆರಾಧನೆಯನ್ನು ಬಿಟ್ಟಿರಲಿಲ್ಲ. ತಪ್ಪದೆ ನಡೆಸುತ್ತಿದ್ದರು, ಹೊರಗೆ ಬಡವರನ್ನು ತುಳಿಯುತ್ತಲೂ ಇದ್ದರು. ಕೊರಿಂಥದ ಸಭೆಯಲ್ಲಿ ಕರ್ತನ ಭೋಜನದ ಕೂಟದಲ್ಲೇ ಉಳ್ಳವರು ತಮ್ಮ ಊಟವನ್ನು ಮೊದಲು ತಿಂದು ಮುಗಿಸುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಅದನ್ನು ಕೇಳಿದ ಪೌಲನು, ನೀವು ಕೂಡಿಬರುವುದರಿಂದ ಮೇಲಾಗುವುದಕ್ಕೆ ಬದಲಾಗಿ ಕೇಡೇ ಆಗುತ್ತಿದೆ ಎಂದು ಬರೆಯಬೇಕಾಯಿತು. ಅಂದರೆ ಆರಾಧನೆ ಮನುಷ್ಯನನ್ನು ಇನ್ನಷ್ಟು ಗಟ್ಟಿಮಾಡಲೂ ಬಹುದು. ವಾರಕ್ಕೊಮ್ಮೆ ಕ್ಷಮೆಯ ಮಾತನ್ನು ಕೇಳಿಸಿಕೊಂಡು ಹಗುರಾಗುವವನಿಗೆ, ತಾನು ಯಾರಿಗೆ ಅನ್ಯಾಯಮಾಡಿದ್ದಾನೋ ಅವರ ಮುಖ ಕಾಣದೆಯೇ ಹೋಗಬಹುದು.

ಜಾನ್ ನ್ಯೂಟನ್ ಎಂಬವರ ಜೀವನ ನನ್ನನ್ನು ಬಹಳ ಕಾಲ ಕಾಡಿದೆ. 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಕ್ಕು ದೇವರಿಗೆ ಮೊರೆಯಿಟ್ಟ ಈ ಇಂಗ್ಲಿಷ್ ನಾವಿಕ, ಆ ಮೇಲೆಯೂ ಗುಲಾಮರನ್ನು ಸಾಗಿಸುವ ಹಡಗುಗಳ ನಾಯಕನಾಗಿ 1754ರವರೆಗೆ ದುಡಿದರು. ಪ್ರಾರ್ಥನೆ, ಬೈಬಲ್ ವಾಚನ ಹಡಗಿನ ಮೇಲೆಯೇ ನಡೆಯುತ್ತಿತ್ತು, ಕೆಳಗಿನ ಅಂತಸ್ತಿನಲ್ಲಿ ಮನುಷ್ಯರು ಸಂಕೋಲೆಯಲ್ಲಿದ್ದರು. ಮುಂದೆ ಅವರು ಸಭಾಪಾಲಕರಾದರು, ಜಗತ್ತೆಲ್ಲ ಹಾಡುವ ಕೀರ್ತನೆಗಳನ್ನು ರಚಿಸಿದರು; ಆದರೆ ಆ ವ್ಯಾಪಾರವನ್ನು ಖಂಡಿಸುವ ಕಿರುಹೊತ್ತಗೆಯನ್ನು ಅವರು ಪ್ರಕಟಿಸಿದ್ದು 1788ರಲ್ಲಿ. ಮೊರೆಯಿಟ್ಟ ದಿನಕ್ಕೂ ಆ ಪ್ರಕಟಣೆಗೂ ನಡುವೆ 40 ವರ್ಷ! ಆರಾಧನೆ ಅವರನ್ನು ಕೊನೆಗೂ ಬದಲಿಸಿತು ಎಂದು ಸಮಾಧಾನಪಡುವವರಿದ್ದಾರೆ. ಆ 40 ವರ್ಷಗಳ ಬೆಲೆಯನ್ನು ತೆತ್ತವರು ಬೇರೆಯವರು ಎಂಬುದನ್ನು ನಾನು ಮರೆಯಲಾರೆ.

ಹಾಗಾಗಿ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದು ಸಾಲದು. ಆರಾಧನೆಯಲ್ಲಿ ನಾನು ಒಪ್ಪಿಕೊಂಡದ್ದನ್ನು ವಾರದ ನಡುವೆ ನೆನಪಿಸಿ ಕೇಳಬಲ್ಲ ಇನ್ನೊಬ್ಬ ವಿಶ್ವಾಸಿ ಇರಬೇಕು, ಮತ್ತು ನನ್ನ ದುಡಿಮೆಯಿಂದ ನೋವು ತಿನ್ನುವವರ ಮಾತಿಗೂ ಕಿವಿಗೊಡುವಂಥ ಸಭೆ ಇರಬೇಕು. 4ನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಬೋಧಿಸುತ್ತಿದ್ದ ಯೋಹಾನ ಕ್ರಿಸೋಸ್ತೋಮರು, ಆಲಯದೊಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ಬೆತ್ತಲೆಯಾಗಿ ನಡುಗುವ ಅದೇ ಕ್ರಿಸ್ತನನ್ನು ಕಡೆಗಣಿಸಬೇಡಿರಿ ಎಂಬರ್ಥದಲ್ಲಿ ಎಚ್ಚರಿಸಿದ್ದರು. ಹಸಿದವರಿಗೆ, ಬಟ್ಟೆಯಿಲ್ಲದವರಿಗೆ ಮಾಡಿದ್ದು ತನಗೇ ಮಾಡಿದಂತೆ ಎಂದು ಕ್ರಿಸ್ತನು ಹೇಳುವ ಮತ್ತಾಯನ 25ನೆಯ ಅಧ್ಯಾಯವನ್ನು ಓದಿಕೊಂಡವರಿಗೆ ಅದರಲ್ಲಿ ಅತಿಶಯೋಕ್ತಿ ಕಾಣುವುದಿಲ್ಲ.

ಪ್ರತಿಕ್ರಿಯೆ: ಕೊನೆಯ ಬೆಂಚಿನವನು

ಇಬ್ಬರಿಗೂ ಕೃತಜ್ಞನಾಗಿದ್ದೇನೆ. ನ್ಯೂಟನರ ವಿಷಯ ತಿಳಿದಿತ್ತು, ಆದರೆ ಆ ವರ್ಷಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ. ಒಂದು ಉಪಪ್ರಶ್ನೆ: ಕ್ರಿಯೆಯೇ ಮುಖ್ಯವೆನ್ನುವುದಾದರೆ, ಆರಾಧನೆಯಲ್ಲಿ ಉಂಟಾಗುವ ಭಾವಕ್ಕೆ ಯಾವ ಸ್ಥಾನವೂ ಇಲ್ಲವೇ? ಕೆಲವು ಭಾನುವಾರ ಏನೂ ಅನಿಸುವುದೇ ಇಲ್ಲ. ಆಗ ಸುತ್ತಲಿನವರೊಂದಿಗೆ ಸ್ತುತಿಗೀತೆ ಹಾಡುವುದು ಕಪಟವೆನಿಸುತ್ತದೆ.

ಉತ್ತರ: ಕೀರ್ತನೆ 88

ಸಹೋದರರೇ, ನಾನು ಕೈತಟ್ಟಿ ಹಾಡುವ, ಕಣ್ಣೀರಿಡುವ, ಗಟ್ಟಿಯಾಗಿ ಸ್ತೋತ್ರ ಹೇಳುವ ಸಭೆಗೆ ಸೇರಿದವಳು. ಭಾವವನ್ನು ಹಗುರವಾಗಿ ಕಾಣುವ ಮಾತು ಬಂದಾಗ ಸುಮ್ಮನಿರಲಾರೆ. ಭಾವವೂ ದೇವರು ಕೊಟ್ಟದ್ದೇ, ದೇಹದಷ್ಟೇ. ಆದರೆ ನಮ್ಮ ಸಭೆಗಳಲ್ಲಿ ಒಂದು ಕೊರತೆಯಿದೆ: ಆರಾಧನೆಯೊಳಗೆ ಸಂತೋಷಕ್ಕೆ ಮಾತ್ರ ಜಾಗ ಕೊಟ್ಟು, ದುಃಖವನ್ನು ಬಾಗಿಲ ಹೊರಗೇ ಬಿಟ್ಟುಬರುವಂತೆ ಮಾಡಿದ್ದೇವೆ. ನಿಮಗೆ ಕಪಟವೆನಿಸುತ್ತಿರುವುದು ಇದರಿಂದಲೇ ಇರಬಹುದು.

ಇಸ್ರಾಯೇಲ್ಯರ ಹಾಡಿನ ಪುಸ್ತಕ ಹಾಗಿರಲಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳಾಟ, ದೂರು, ಮೊರೆ. 13ನೆಯದು ಎಷ್ಟರವರೆಗೆ ಎಂಬ ಪ್ರಶ್ನೆಯೊಂದಿಗೇ ತೊಡಗುತ್ತದೆ. ಹೆಚ್ಚಿನವು ಕೊನೆಗೆ ಭರವಸೆಯ ಕಡೆಗೆ ತಿರುಗುತ್ತವೆ, ಆದರೆ 88ನೆಯದು ತಿರುಗುವುದೂ ಇಲ್ಲ. ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಅಂಥ ಹಾಡನ್ನೂ ಜನರು ಆರಾಧನೆಗಾಗಿ ಉಳಿಸಿಕೊಂಡರು ಎಂಬುದು ನನಗೆ ದೊಡ್ಡ ಸಾಂತ್ವನ. ಏನೂ ಅನಿಸದ ಭಾನುವಾರ, ಏನೂ ಅನಿಸುತ್ತಿಲ್ಲ ಎಂಬುದನ್ನೇ ದೇವರಿಗೆ ಹೇಳಲು ನಿಮಗೆ ಅಪ್ಪಣೆಯಿದೆ. ಸುತ್ತಲಿನವರು ಹಾಡುತ್ತಿರುವಾಗ ನೀವು ಸುಮ್ಮನೆ ನಿಂತಿದ್ದರೂ ಆ ಹಾಡು ನಿಮ್ಮದಾಗಿಯೇ ಉಳಿಯುತ್ತದೆ, ಏಕೆಂದರೆ ಸಭೆ ಹಾಡುವುದು ಒಟ್ಟಾಗಿ. ಒಬ್ಬರ ಸ್ವರ ಬಿದ್ದಲ್ಲಿ ಇನ್ನೊಬ್ಬರದು ಎತ್ತಿಕೊಳ್ಳುತ್ತದೆ.

ದಿನನಿತ್ಯದ ಬದುಕಿಗೆ ಇದರಿಂದ ಆಗುವ ಪ್ರಯೋಜನ ಸಣ್ಣದಲ್ಲ. ದೇವರ ಮುಂದೆ ದುಃಖವನ್ನು ದುಃಖವೆಂದೇ ಹೇಳಲು ಕಲಿತವರು, ಮನೆಯಲ್ಲಿ ಅದನ್ನು ಸಿಟ್ಟಿನ ವೇಷದಲ್ಲಿ ಹೊರಹಾಕುವುದು ಕಡಿಮೆಯಾಗುತ್ತದೆ. ಇತರರ ಅಳಲನ್ನು ಕೇಳುವ ತಾಳ್ಮೆಯೂ ಅಲ್ಲಿಂದಲೇ ಬರುತ್ತದೆ: ಅಳುವವರ ಮುಂದೆ ಕೂಡಲೇ ಸಮಾಧಾನದ ವಾಕ್ಯವೊಂದನ್ನು ಹುಡುಕಿ ಹೇಳುವ ಆತುರ, ನಮ್ಮ ಜನರಲ್ಲಿ ತುಸು ಹೆಚ್ಚೇ ಇರುವ ಆ ಆತುರ, ತಗ್ಗುತ್ತದೆ.

ಉತ್ತರ: ಮನೆಯಲ್ಲೇ ಇರುವವಳು

ಈ ಚರ್ಚೆಯಲ್ಲಿ ಎಲ್ಲರೂ ಆಲಯಕ್ಕೆ ಹೋಗಬಲ್ಲವರ ಕಡೆಯಿಂದ ಮಾತನಾಡುತ್ತಿದ್ದೀರಿ. ಹಾಸಿಗೆ ಹಿಡಿದಿರುವ ತಾಯಿಯವರ ಆರೈಕೆಯಲ್ಲಿರುವ ನನಗೆ ಭಾನುವಾರವೂ ಉಳಿದ ದಿನಗಳಂತೆಯೇ ಇರುತ್ತದೆ. ಆದ್ದರಿಂದ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ನೋಡುತ್ತೇನೆ: ಆರಾಧನೆ ಬದುಕನ್ನು ತಲುಪುವುದು ಹೇಗೆ ಎಂಬುದಷ್ಟೇ ಅಲ್ಲ, ಬದುಕಿನ ಕೆಲಸ ಆರಾಧನೆಯನ್ನು ತಲುಪುವುದು ಹೇಗೆ ಎಂಬುದೂ ಕೇಳಬೇಕಾದದ್ದೇ.

ಮೇಲೆ ಬೆನೆಡಿಕ್ಟರ ನಿಯಮಗಳ ಪ್ರಸ್ತಾಪ ಬಂದಿದೆ. ಅದರ 31ನೆಯ ಅಧ್ಯಾಯದಲ್ಲಿ ಮಠದ ಉಗ್ರಾಣದ ಹೊಣೆ ಹೊತ್ತವನಿಗೆ ಒಂದು ಸೂಚನೆಯಿದೆ: ಮಠದ ಎಲ್ಲ ಪಾತ್ರೆಪಗಡಿ, ಸಾಮಾನುಗಳನ್ನೂ ಯಜ್ಞವೇದಿಯ ಪವಿತ್ರ ಪಾತ್ರೆಗಳೆಂಬಂತೆ ಕಾಣಬೇಕು. ಇದು ನನಗೆ ಕೆಲಸದ ಹೊತ್ತಿನಲ್ಲಿ ಆಗಾಗ ನೆನಪಾಗುತ್ತದೆ. 17ನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿದ್ದ ಸಹೋದರ ಲಾರೆನ್ಸ್ ವರ್ಷಾನುಗಟ್ಟಲೆ ಅಡುಗೆಮನೆಯಲ್ಲಿ ದುಡಿದವರು; ಪಾತ್ರೆಗಳ ಗದ್ದಲದ ನಡುವೆಯೂ, ಮೊಣಕಾಲೂರಿ ಕುಳಿತ ಹೊತ್ತಿನಲ್ಲಿಯೂ ದೇವರ ಸಾನ್ನಿಧ್ಯ ತಮಗೆ ಒಂದೇ ಎಂಬಂತೆ ಮಾತನಾಡುತ್ತಿದ್ದರು. ಅವರ ಹೆಸರನ್ನು ಎತ್ತುವವರು ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ: ಅಡುಗೆಮನೆಯ ಕೆಲಸ ಅವರಿಗೆ ಸ್ವಭಾವತಃ ಹಿಡಿಸುತ್ತಿರಲಿಲ್ಲ, ಮೊದಲ ಹತ್ತು ವರ್ಷ ತಾವು ಬಹಳ ತೊಳಲಾಡಿದ್ದಾಗಿ ಅವರೇ ಬರೆದಿದ್ದಾರೆ. ಆ ಮೇಲಿನ ಶಾಂತಿಯನ್ನು ಮಾತ್ರ ಹೇಳಿ ನಮ್ಮಂಥವರ ಮೇಲೆ ಹೇರುವುದು ಸರಿಯಲ್ಲ.

ಆರೈಕೆಯ ಕೆಲಸಕ್ಕೆ ಮುಗಿಯುವ ಗಳಿಗೆ ಇಲ್ಲ. ಅದೇ ಅದರ ದಣಿವು. ಅದಕ್ಕೊಂದು ಆರಂಭವನ್ನೂ ಒಂದು ಕೊನೆಯನ್ನೂ ಕೊಟ್ಟದ್ದು ನನಗೆ ಮನೆಯ ಪ್ರಾರ್ಥನೆ. ಮಾರ್ಟಿನ್ ಲೂಥರರು 1529ರ ತಮ್ಮ ಚಿಕ್ಕ ಉಪದೇಶ ಪುಸ್ತಕದಲ್ಲಿ ಮನೆಯವರಿಗಾಗಿ ಬೆಳಗಿನ ಮತ್ತು ರಾತ್ರಿಯ ಕಿರುಪ್ರಾರ್ಥನೆಗಳನ್ನು ಕೊಟ್ಟಿದ್ದಾರೆ. ಬೆಳಗಿನದು ಮುಗಿದ ಮೇಲೆ ಹಾಡುತ್ತಾ ಸಂತೋಷದಿಂದ ಕೆಲಸಕ್ಕೆ ಹೋಗು ಎಂದೂ, ರಾತ್ರಿಯದು ಮುಗಿದ ಮೇಲೆ ತಡಮಾಡದೆ ನೆಮ್ಮದಿಯಿಂದ ನಿದ್ರಿಸು ಎಂದೂ ಸೂಚಿಸಿದ್ದಾರೆ. ನಿದ್ರಿಸು ಎಂಬ ಆ ಅಪ್ಪಣೆ ನನಗೆ ಬಹಳ ಬೇಕಾಗಿತ್ತು. ಉಳಿದ ಕೆಲಸವನ್ನು ನಿದ್ರಿಸದವನೊಬ್ಬನ ಕೈಗೆ ಒಪ್ಪಿಸಿ ದೀಪ ಆರಿಸುವುದೂ ಆರಾಧನೆಯೇ ಎಂದು ತಿಳಿದ ಮೇಲೆ, ತಾಯಿಯವರು ಕೇಳಿದ್ದನ್ನೇ ಮತ್ತೆ ಕೇಳಿದಾಗ ಮರುದಿನ ಉತ್ತರಿಸುವ ಶಕ್ತಿ ಉಳಿದಿರುತ್ತದೆ. ಪ್ರಶ್ನೆ ಕೇಳಿದ ಸಹೋದರರ ತಂದೆಯವರ ವಿಷಯ ಓದಿದಾಗ ಇದನ್ನು ಬರೆಯಲೇಬೇಕೆನಿಸಿತು. ತಾಳ್ಮೆ ಕೆಡುವುದಕ್ಕೆ ಎಷ್ಟೋ ಸಲ ಭಕ್ತಿಯ ಕೊರತೆಗಿಂತ ನಿದ್ರೆಯ ಕೊರತೆಯೇ ಕಾರಣ.

ಒಂದು ಕೋರಿಕೆಯೂ ಇದೆ. ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿದ್ದ ಹುತಾತ್ಮ ಜಸ್ಟಿನರು ಭಾನುವಾರದ ಕೂಟವನ್ನು ವರ್ಣಿಸುವಾಗ, ಬರಲಾಗದವರ ಪಾಲಿನ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಸಭಾಸೇವಕರು ಅವರಿದ್ದಲ್ಲಿಗೇ ಒಯ್ಯುತ್ತಿದ್ದರೆಂದೂ, ಕೂಡಿಸಿದ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರದೇಶಿಗಳಿಗೆ ನೆರವಾಗುತ್ತಿದ್ದರೆಂದೂ ಬರೆದಿದ್ದಾರೆ. ಆಲಯಕ್ಕೆ ಹೋಗಬಲ್ಲವರು ಆರಾಧನೆ ಮುಗಿದ ಕೂಡಲೇ, ಆ ದಿನ ಯಾರ ಜಾಗ ಖಾಲಿಯಿತ್ತೆಂದು ಒಮ್ಮೆ ನೋಡಿ ಅವರ ಮನೆಯ ಕಡೆಗೆ ಹೆಜ್ಜೆ ಹಾಕಿದರೆ, ಈ ಚರ್ಚೆಯ ಅರ್ಧ ಅಲ್ಲಿಯೇ ಮುಗಿಯುತ್ತದೆ.

ಪ್ರತಿಕ್ರಿಯೆ: ಕೊನೆಯ ಬೆಂಚಿನವನು

ಸಹೋದರಿಯವರ ಉತ್ತರ ನಾನು ಕೇಳದೆ ಬಿಟ್ಟಿದ್ದನ್ನೂ ಮುಟ್ಟಿತು. ಇನ್ನೊಂದೇ ಪ್ರಶ್ನೆ. ಜಗಳವಿರುವವನು ರಾಜಿಯಾಗದೆ ರೊಟ್ಟಿ ಮುರಿಯುವ ಕೂಟಕ್ಕೆ ಸೇರಬಾರದೆಂಬ ನಿಯಮವನ್ನು ಮೊದಲ ಉತ್ತರದಲ್ಲಿ ಓದಿದೆ. ಮತ್ತಾಯನ 5ನೆಯ ಅಧ್ಯಾಯವೂ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎನ್ನುತ್ತದೆ. ಆಸ್ತಿಯ ವಿಚಾರದಲ್ಲಿ ನನ್ನ ಅಣ್ಣ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಹೋದರೂ ಬಾಗಿಲು ತೆರೆಯುವುದಿಲ್ಲ. ಅಲ್ಲಿಯವರೆಗೆ ನಾನು ಕರ್ತನ ಭೋಜನದಿಂದ ದೂರವಿರಬೇಕೇ?

ಉತ್ತರ: ಹಳೆಯ ಕ್ರಮದ ಓದುಗ

ನಿಮ್ಮ ಸಭಾಪಾಲಕರನ್ನು ಕೇಳಬೇಕಾದ ಪ್ರಶ್ನೆಯಿದು. ಆದರೂ ನನ್ನ ತಿಳಿವಳಿಕೆಯನ್ನು ಹೇಳುತ್ತೇನೆ. ಮತ್ತಾಯನಲ್ಲಿ ಆಜ್ಞೆಯಿರುವುದು ಎದ್ದು ಹೋಗುವುದಕ್ಕೆ. ಎದುರಿನವರು ಒಪ್ಪುವುದು ಬಿಡುವುದು ನಿಮ್ಮ ಕೈಯಲ್ಲಿಲ್ಲ, ಮತ್ತು ಪೌಲನು ನೀವು ಉಲ್ಲೇಖಿಸಿದ ರೋಮಾಪುರದ ಪತ್ರದ ಅದೇ 12ನೆಯ ಅಧ್ಯಾಯದಲ್ಲಿ, ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದು ಎರಡೆರಡು ಷರತ್ತುಗಳನ್ನು ಇಟ್ಟೇ ಬರೆದಿದ್ದಾನೆ. ನೀವು ಹೋಗಿದ್ದೀರಿ, ಬಾಗಿಲು ತೆರೆಯಲಿಲ್ಲ. ಭೋಜನದಿಂದ ದೂರವಿರುವುದು ಅಣ್ಣನವರ ಮುನಿಸಿಗೆ ನೀವು ಅನುಭವಿಸುವ ದಂಡನೆಯಾಗಬಾರದು.

ಆದರೆ ನಿಮ್ಮಿಂದಾಗುವುದರ ಮಟ್ಟ ಎಲ್ಲಿಯವರೆಗೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡಿರಿ. ಆಸ್ತಿಯಲ್ಲಿ ಅವರದೆಂದು ನಿಮಗೇ ಅನಿಸುವ ಪಾಲು ಇನ್ನೂ ನಿಮ್ಮ ಹೆಸರಿನಲ್ಲಿದೆಯೇ? ಇದ್ದರೆ ಅದನ್ನು ಹಿಂದಿರುಗಿಸುವ ಪತ್ರಕ್ಕೆ ಅವರ ಬಾಗಿಲು ತೆರೆದಿರಬೇಕಾಗಿಲ್ಲ, ಅಂಚೆಯಲ್ಲಿಯೂ ಕಳುಹಿಸಬಹುದು. ಇಲ್ಲದಿದ್ದರೆ, ಸಭೆಯಲ್ಲಿ ಇತರರಿಗಾಗಿ ಬೇಡುವ ಹೊತ್ತು ಬಂದಾಗ ಅವರ ಹೆಸರನ್ನು ಹೇಳಿ ಪ್ರಾರ್ಥಿಸಿರಿ, ಮನಸ್ಸು ಒಪ್ಪದ ವಾರಗಳಲ್ಲಿಯೂ.